ನೀರಿನ ಮೇಲಿನ ಅಪವಾದ

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಅನಂತರದ ಯೆಜ್ಡಿ ಮೋಟಾರ್ ಸೈಕಲ್ಲುಗಳ ಎಂಜಿನ್ನನ್ನು ಬೀಸುವ ಗಾಳಿಯೇ ತಣಿಸುತ್ತಿತ್ತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಮರಳಿ ಬಂದುದು ನೀರಿನಿಂದ ತಣಿಯುವ ಎಂಜಿನ್ನಿನೊಡನೆ. ಹಳೆಯ ದನಿಗೆ ಹಂಬಲಿಸುವ ಕಿವಿಗಳು ನೀರನ್ನೇ ದೂರಿದರೆ ಸೋಜಿಗವಿಲ್ಲ.

ದೂರು ಅರ್ಧ ನಿಜ. ಗಾಳಿಗೊಡ್ಡಿದ ಎಂಜಿನ್ನಿನ ಮೈಮೇಲಿರುವ ತೆಳ್ಳನೆಯ ಲೋಹದ ರೆಕ್ಕೆಗಳು ಒಳಗಿನ ಸ್ಫೋಟಕ್ಕೆ ಮಿಡಿದು ಝೇಂಕರಿಸುತ್ತವೆ. ಸಿಲಿಂಡರನ್ನು ಸುತ್ತುವರಿದ ನೀರಾದರೋ ಆ ಗದ್ದಲಕ್ಕೆ ಕಂಬಳಿ ಹೊದಿಸುತ್ತದೆ. ಆದರೆ ಜಾವಾದ ಪಟಪಟ ನಾದದ ತವರೇ ಬೇರೆ. ಹಳೆಯದು ಟೂ ಸ್ಟ್ರೋಕ್. ಕ್ರ್ಯಾಂಕ್ ದಂಡದ ಪ್ರತಿ ಸುತ್ತಿಗೂ ಒಮ್ಮೆ ಸಿಡಿಯುವಂಥದು. ಹೊಸದು ಫೋರ್ ಸ್ಟ್ರೋಕ್. ಎರಡು ಸುತ್ತಿಗೊಂದು ಸಿಡಿತ. ಪಾಪ, ಇದರಲ್ಲಿ ನೀರಿನ ತಪ್ಪೇನು? ಅಂದಿನಂತೆಯೇ ಜೋಡಿ ಸೈಲೆನ್ಸರುಗಳನ್ನು ಹೊಸದಕ್ಕೂ ತೊಡಿಸಿದ್ದಾರೆ. ಅಷ್ಟೇ ವೇಗದಲ್ಲಿ ದಂಡ ತಿರುಗಿದರೂ, ಅವುಗಳಿಂದ ಹೊರಡುವ ಏಟುಗಳು ಮಾತ್ರ ಅರ್ಧಕ್ಕಿಳಿದಿವೆ.