ಸೂಜಿಯೊಂದಿಗೆ ಮುಗಿಯದ ಹೊಣೆ

ಗರ್ಭಕೋಶ ಸೇರಬೇಕಾದ ಭ್ರೂಣವು ಅಂಡನಾಳದಲ್ಲಿಯೇ ನೆಲೆಯೂರಿದರೆ ಅದು ಬೆಳೆದು ಮಗುವಾಗಲಾರದು. ನಾಳ ಒಡೆದರೆ ತಾಯಿಯ ಪ್ರಾಣಕ್ಕೂ ಕುತ್ತು. ಬೇಗನೆ ಪತ್ತೆಯಾದರೆ ಅನೇಕರಿಗೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದೇ ಸಾಕಾಗುತ್ತದೆ. ಹೊಟ್ಟೆ ಕೊಯ್ಯಬೇಕಿಲ್ಲ, ನಾಳವೂ ಉಳಿಯುತ್ತದೆ ಎಂದು ಇದನ್ನು ಹೊಗಳುವವರುಂಟು. ಆ ಹೊಗಳಿಕೆ ಸುಳ್ಳಲ್ಲ. ಆದರೆ ಸೂಜಿ ಚುಚ್ಚಿ ಮನೆಗೆ ಕಳುಹಿಸಿದೊಡನೆ ಚಿಕಿತ್ಸೆ ಮುಗಿಯಿತೆಂಬ ಭಾವನೆ ಅಪಾಯಕಾರಿಯಾದುದು.

ಈ ಮದ್ದು ದೇಹದೊಳಗೆ ಮಾಡುವುದೇನು? ಜೀವಕೋಶಗಳ ವಿಭಜನೆಗೆ ಬೇಕಾದ ಫೋಲಿಕ್ ಆಮ್ಲದ ಕಾರ್ಯವನ್ನು ಅದು ತಡೆಯುತ್ತದೆ. ಮಾಸನ್ನು ಕಟ್ಟುವ, ವೇಗವಾಗಿ ವೃದ್ಧಿಸುವ ಕೋಶಗಳು ಸಾಯುತ್ತವೆ. ಆದರೆ ಸತ್ತ ಅಂಗಾಂಶ ಕೂಡಲೇ ಮಾಯವಾಗದು. ನಾಳದಲ್ಲಿ ರಕ್ತ ಸೇರಿ ಊತ ಹೆಚ್ಚಬಹುದು; ಅದು ಕರಗಲು ವಾರಗಳೇ ಬೇಕು. ಮೊದಲ ವಾರದ ಹೊಟ್ಟೆನೋವು ಮದ್ದಿನ ಪರಿಣಾಮವೂ ಆಗಿರಬಹುದು, ನಾಳ ಒಡೆದ ಸೂಚನೆಯೂ ಆಗಿರಬಹುದು. ಮನೆಯಲ್ಲಿ ಕುಳಿತು ಇದನ್ನು ಅರಿಯಲಾಗದು. ಆದುದರಿಂದಲೇ 4ನೆಯ ಮತ್ತು 7ನೆಯ ದಿನ ರಕ್ತದಲ್ಲಿ ಎಚ್‌ಸಿಜಿ ಪರೀಕ್ಷೆ ಆಗಬೇಕು. ಈ ನಡುವೆ ಅದು ಶೇ. 15ರಷ್ಟಾದರೂ ಇಳಿಯದಿದ್ದರೆ ಮತ್ತೆ ಚಿಕಿತ್ಸೆ. ಇಳಿದರೂ ಪೂರ್ತಿ ಇಲ್ಲವಾಗುವವರೆಗೆ ವಾರಕ್ಕೊಮ್ಮೆ ಪರೀಕ್ಷೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳಲ್ಲಿ ಹೊಲದ ಕೂಲಿಯ ಹೆಣ್ಣುಮಗಳು ಪ್ರತಿ ಪರೀಕ್ಷೆಗೂ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಲು ಕೂಲಿ ಬಿಡಬೇಕು, ಜೊತೆಗಾರರನ್ನು ಹುಡುಕಬೇಕು. ಬೆಣ್ಣೆಹಳ್ಳ ಉಕ್ಕಿ ಹರಿಯುವ ರಾತ್ರಿ ನಾಳ ಒಡೆದರೆ ಆಕೆಯ ಗತಿಯೇನು? ಇನ್ನೊಂದು ವಿಪರ್ಯಾಸವನ್ನು ನೋಡಿ. ರಕ್ತಹೀನತೆಗೆಂದು ಊರಲ್ಲಿ ಹಂಚುವ ಕಬ್ಬಿಣದ ಗುಳಿಗೆಯಲ್ಲಿ ಫೋಲಿಕ್ ಆಮ್ಲವೂ ಇದೆ. ಯಾರೂ ಎಚ್ಚರಿಸದಿದ್ದರೆ ಆಕೆ ಅದನ್ನೇ ನುಂಗಿ, ಮದ್ದಿನ ಬಲವನ್ನು ತಾನೇ ಕುಂದಿಸಿಕೊಳ್ಳುತ್ತಾಳೆ.

ಶಸ್ತ್ರಕ್ರಿಯೆಯೋ ಮದ್ದೋ, ಯಾವುದು ಧರ್ಮಸಮ್ಮತ ಎಂಬ ಚರ್ಚೆ ನಮ್ಮ ನೀತಿಶಾಸ್ತ್ರಜ್ಞರ ನಡುವೆ ಇನ್ನೂ ಮುಗಿದಿಲ್ಲ. ಅದು ನಡೆಯಲಿ. ಆದರೆ ಮದ್ದು ಕೊಟ್ಟ ಮೇಲೆ ಆಕೆಯನ್ನು ಕೈಬಿಡುವುದು ಅಧರ್ಮವೆಂಬ ವಿಷಯದಲ್ಲಿ ಚರ್ಚೆಗೆ ಎಡೆಯೆಲ್ಲಿದೆ? ಪರೀಕ್ಷೆಯ ದಿನಾಂಕ, ಬಿಡಬೇಕಾದ ಗುಳಿಗೆ, ಅಪಾಯದ ಲಕ್ಷಣಗಳನ್ನು ಕನ್ನಡದಲ್ಲಿ ಬರೆದುಕೊಡಲಿ. ಆಕೆ ಒಪ್ಪಿದರೆ ಆಶಾ ಕಾರ್ಯಕರ್ತೆಗೂ ತಿಳಿಸಲಿ. ಹಳ್ಳಿ ದೂರವಾದರೆ ಆಸ್ಪತ್ರೆಯ ಬಳಿಯೇ ಉಳಿಯಲು ನೆರವಾಗಲಿ. ಇವೊಂದೂ ಸಾಧ್ಯವಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯೇ ಲೇಸೆಂದು ಆಕೆಗೆ ನೇರವಾಗಿ ಹೇಳಲಿ. ನಾವೂ ಸುಮ್ಮನಿರುವುದು ಬೇಡ: ನೆರೆಮನೆಯ ಆ ತಾಯಿ 7ನೆಯ ದಿನ ಬಸ್ಸು ಹತ್ತಿದಳೇ ಎಂದು ವಿಚಾರಿಸುವ ಹೊಣೆ ನಮ್ಮದು.