ತಪಾಸಣೆ ಆಯಿತು, ಔಷಧ ಎಲ್ಲಿ?

ಬೇಕಾರನ ಆರೋಗ್ಯವನ್ನು ಮೊಬೈಲ್ ಫೋನಿನ ಕೆಲವು ಪ್ರಶ್ನೆಗಳಿಂದ ಅಳೆಯಬಹುದೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಜರ್ಮನಿಯ ಉದ್ಯೋಗ ಕಚೇರಿಗಳಲ್ಲಿ ಸರದಿ ಕಾಯುವವರ ಕೈಗೆ ಕಂಪ್ಯೂಟರ್ ಕೊಟ್ಟು ಅವರ ಕುಡಿತ, ಆರೋಗ್ಯಗಳನ್ನು ವಿಚಾರಿಸುವ ಪ್ರಯೋಗಗಳು ನಡೆದಿವೆ. ನಮ್ಮ ದೇಶದಲ್ಲಿ 2021ರಿಂದ ಡಿಜಿಟಲ್ ಆರೋಗ್ಯ ಯೋಜನೆಯಡಿ ಪ್ರಜೆಗೊಂದು 14 ಅಂಕಿಗಳ ಆರೋಗ್ಯ ಸಂಖ್ಯೆ ಕೊಡಲಾಗುತ್ತಿದೆ. ನಾವು ಯಂತ್ರದ ವೈರಿಗಳಲ್ಲ. ಆದರೆ ಯಂತ್ರವು ಯಾರ ಕೈಯಲ್ಲಿದೆ, ಯಾರಿಗಾಗಿ ದುಡಿಯುತ್ತದೆ ಎಂದು ಕೇಳುವುದು ಸಮಾಜವಾದಿಗಳಾದ ನಮ್ಮ ಕರ್ತವ್ಯವಾಗಿದೆ.

ಗದಗಿಗೆ ಹತ್ತಿಕೊಂಡಿರುವ ಮಲ್ಲಸಮುದ್ರವನ್ನೇ ತೆಗೆದುಕೊಳ್ಳೋಣ. ಇಲ್ಲಿ 2015ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಜನರು ಅದನ್ನು ಜಿಮ್ಸ್ ಎಂದೇ ಕರೆಯುತ್ತಾರೆ. ಸುತ್ತಲಿನ ಹಳ್ಳಿಗಳಿಗೆ ಇದೊಂದು ಭಾಗ್ಯವೇ ಸರಿ. ಆದರೆ ಅದೇ ಹಳ್ಳಿಗಳಲ್ಲಿ ಪದವಿ ಮುಗಿಸಿ ಮನೆಯಲ್ಲಿ ಕುಳಿತ ತರುಣರಿದ್ದಾರೆ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿವೆ. ಬೆಟಗೇರಿಯಲ್ಲಿ ಮಗ್ಗ ನಿಂತ ನೇಕಾರರಿದ್ದಾರೆ. ಕೆಲಸವಿಲ್ಲದವನು ದವಾಖಾನೆಯ ಮೆಟ್ಟಿಲು ಹತ್ತುವುದು ತೀರ ಕೊನೆಗೆ. ಬಸ್ಸಿನ ಖರ್ಚು, ಊರವರ ನಾಲಗೆ, "ನಿನಗೇನು ರೋಗ, ದುಡಿಯಲು ಹೋಗು" ಎಂಬ ಮನೆಯವರ ಮಾತು, ಇವೆಲ್ಲ ಅವನನ್ನು ತಡೆಯುತ್ತವೆ. ಅಂಥವನು ಗುಟ್ಟಾಗಿ ಫೋನಿನಲ್ಲಿ ತನ್ನ ಸ್ಥಿತಿಯನ್ನು ಪರೀಕ್ಷಿಸಿಕೊಳ್ಳುವಂತಾದರೆ ಅದು ಒಳಿತೇ ಎಂಬುದರಲ್ಲಿ ಸಂಶಯವಿಲ್ಲ.

ಈ ಪರೀಕ್ಷೆಯ ಬಗೆಯನ್ನು ವಾಚಕರು ತಿಳಿದುಕೊಳ್ಳಬೇಕು. ಮನಸ್ಸಿನ ಖಿನ್ನತೆಯನ್ನು ಪತ್ತೆಹಚ್ಚಲು ಜಗತ್ತಿನಾದ್ಯಂತ ಬಳಸುವ ಪಿ.ಎಚ್.ಕ್ಯೂ.-9 ಎಂಬ ಪಟ್ಟಿಯಲ್ಲಿ 9 ಪ್ರಶ್ನೆಗಳಿವೆ. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಉತ್ಸಾಹ, ಏಕಾಗ್ರತೆ ಹೇಗಿದ್ದವೆಂದು ಅದು ಕೇಳುತ್ತದೆ. ಒಂದೊಂದು ಉತ್ತರಕ್ಕೆ ಸೊನ್ನೆಯಿಂದ 3 ಅಂಕ, ಒಟ್ಟು 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರು ನೋಡಬೇಕೆಂಬುದು ರೂಢಿ. ಅಂದರೆ ಈ ಅಂಕವು ರೋಗನಿರ್ಣಯವಲ್ಲ, ವೈದ್ಯರ ಬಾಗಿಲನ್ನು ತೋರಿಸುವ ಕೈಮರ ಮಾತ್ರ. ಕೈಮರ ನೆಟ್ಟು ದಾರಿಯನ್ನೇ ಮಾಡದಿದ್ದರೆ ಅದರಿಂದ ಪ್ರಯೋಜನವೇನು? ಊಟ ಸೇರುವುದಿಲ್ಲವೆ, ಅತಿಯಾಗಿ ತಿನ್ನುತ್ತೀರಾ ಎಂದು ಆ ಪಟ್ಟಿ ಕೇಳುತ್ತದೆ. ಹಸಿವಿದೆ, ಮನೆಯಲ್ಲಿ ಹಿಟ್ಟಿಲ್ಲ ಎನ್ನುವವನಿಗೆ ಅದರಲ್ಲಿ ಕಾಲಮ್ಮು ಇಲ್ಲ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯನ್ನು ಕುರಿತದ್ದು. ಅದಕ್ಕೆ ಹೌದೆಂದವನ ಮುಂದೆ ಆ ಕ್ಷಣದಲ್ಲಿ ಮನುಷ್ಯನೊಬ್ಬನಿರಬೇಕೇ ಹೊರತು "ಧನ್ಯವಾದಗಳು" ಎಂಬ ಅಕ್ಷರಗಳಲ್ಲ.

ಬೇಕಾರರನ್ನು ಪರೀಕ್ಷಿಸುವುದು ಹೇಗೆಂಬುದಕ್ಕೆ ಒಂದು ಹಳೆಯ ಉದಾಹರಣೆಯಿದೆ. ಆಸ್ಟ್ರಿಯಾ ದೇಶದ ವಿಯೆನ್ನಾ ಸಮೀಪದ ಮರಿಯೆಂಟಾಲ್ ಎಂಬ ಹಳ್ಳಿಯ ಬಟ್ಟೆ ಗಿರಣಿ ಮುಚ್ಚಿ ಇಡೀ ಊರೇ ಬೇಕಾರಾಯಿತು. 1931-32ರಲ್ಲಿ ಮರೀ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮುಂತಾದ ತರುಣ ಸಂಶೋಧಕರು ಅಲ್ಲಿಗೆ ಹೋದರು. ರಸ್ತೆಯಲ್ಲಿ ಜನರು ನಡೆಯುವ ವೇಗವನ್ನು ಕೂಡ ಅವರು ಅಳೆದರು. ಕಾಲ ಧಾರಾಳವಾಗಿದ್ದರೂ ಜನರು ಪುಸ್ತಕ ಓದುವುದನ್ನೂ ಕಡಿಮೆ ಮಾಡಿದ್ದರು. ಬೇಕಾರಿ ಅವರಲ್ಲಿ ಬಂಡಾಯವನ್ನಲ್ಲ, ಜಡತೆಯನ್ನು ತಂದಿತ್ತು. ನಾವು ಇಲ್ಲಿ ಗಮನಿಸಬೇಕಾದುದು ಇನ್ನೊಂದಿದೆ. ಬರಿದೆ ನೋಡಿ ಬರೆದುಕೊಂಡು ಹೋಗುವವರು ಯಾರೂ ಇರಬಾರದೆಂದು ಅವರು ನೇಮ ಮಾಡಿಕೊಂಡಿದ್ದರು. ಊರಿಗೆ ಬಟ್ಟೆ ಹಂಚಿದರು. ವೈದ್ಯರನ್ನು ಕರೆತಂದು ಪುಕ್ಕಟೆ ಚಿಕಿತ್ಸೆ ಕೊಡಿಸಿದರು. ಪ್ರಶ್ನೆ ಕೇಳಿದ ಕೈಯೇ ಔಷಧವನ್ನೂ ಕೊಟ್ಟಿತು.

ಅಷ್ಟು ದೂರ ಹೋಗುವುದೂ ಬೇಡ. ಅಂದಿನ ಅವಿಭಜಿತ ಧಾರವಾಡ ಜಿಲ್ಲೆಯ ನೆರೆಯ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಗೆ ಹತ್ತಿರದಲ್ಲಿಯೇ ಮನೋರೋಗದ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ. ಆಗ ಯಾರ ಕಿಸೆಯಲ್ಲಿಯೂ ಮೊಬೈಲ್ ಇರಲಿಲ್ಲ. ತರಬೇತಾದ ಮನುಷ್ಯರಿದ್ದರು, ಗುಳಿಗೆಗಳಿದ್ದವು. ಇಂದು ಫೋನು ಅವರ ಕೈಗೆ ಆಸರೆಯಾಗಲಿ, ಅವರ ಜಾಗಕ್ಕೆ ಬರುವುದು ಬೇಡ.

ಇನ್ನೊಂದು ಅಪಾಯವನ್ನು ನಾವು ಎತ್ತಿ ಹೇಳಬೇಕಾಗಿದೆ. 2015ರ ಬಜೆಟ್ಟಿನಲ್ಲಿ ಬ್ರಿಟಿಷ್ ಸರಕಾರವು ಭತ್ಯೆ ಪಡೆಯುವ ಬೇಕಾರರು ಹಾಗೂ ರೋಗಿಗಳಲ್ಲಿ 40,000 ಜನರಿಗೆ ಆನ್‌ಲೈನ್ ಮನೋಚಿಕಿತ್ಸೆ ಒದಗಿಸುವುದಾಗಿಯೂ, ಉದ್ಯೋಗ ಕಚೇರಿಗಳಲ್ಲಿ ಚಿಕಿತ್ಸಕರನ್ನು ಕೂಡಿಸುವುದಾಗಿಯೂ ಸಾರಿತು. ಅದೇ ವರ್ಷ ಲಂಡನ್ನಿನ ಸ್ಟ್ರೆಥಮ್ ಉದ್ಯೋಗ ಕಚೇರಿಯ ಮುಂದೆ ಪ್ರತಿಭಟನೆ ನಡೆಯಿತು. ಭತ್ಯೆ ಕತ್ತರಿಸುವ ಅಧಿಕಾರವುಳ್ಳ ಕೈಯೇ ಮನಸ್ಸಿನ ನಾಡಿಯನ್ನೂ ಹಿಡಿದರೆ ಬೇಕಾರನು ನಿಜ ಹೇಳುವುದೆಂತು?

ನಮ್ಮಲ್ಲಿ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯು ಪದವೀಧರ ಬೇಕಾರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿಗಳನ್ನು, ಹೆಚ್ಚೆಂದರೆ ಎರಡು ವರ್ಷ, ಕೊಡುವ ಯೋಜನೆ. ತಾನಿನ್ನೂ ಬೇಕಾರನೆಂದು ಫಲಾನುಭವಿ ಸೇವಾ ಸಿಂಧು ಜಾಲದಲ್ಲಿ ಕಾಲಕಾಲಕ್ಕೆ ಘೋಷಿಸಬೇಕು. ನಾಳೆ ಅದರ ಜೊತೆಗೇ ಆರೋಗ್ಯದ ಪ್ರಶ್ನೆಗಳನ್ನೂ ಕಡ್ಡಾಯ ಮಾಡಿದರೆ, ತಪಾಸಣೆಯು ಉಪಕಾರವಾಗಿ ಉಳಿಯದೆ ಪಹರೆಯಾಗುತ್ತದೆ. ಇದು ಬರಿಯ ಭಯವಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸದಲ್ಲಿ ಫೋನಿನ ಹಾಜರಿ ಕಡ್ಡಾಯವಾದಾಗ, ನೆಟ್‌ವರ್ಕ್ ಸಿಗದ ಕಡೆ ದುಡಿದವರ ಹಾಜರಿ ಬೀಳದೆ ಕೂಲಿ ತಪ್ಪಿತು. ಕೂಲಿಕಾರರು ದಿಲ್ಲಿಯಲ್ಲಿ ಧರಣಿ ಕೂಡಬೇಕಾಯಿತು.

ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಬೇಕಾರರ ತಪಾಸಣೆಯು ಸ್ವಇಚ್ಛೆಯದಾಗಿರಲಿ. ಯಾವ ಭತ್ಯೆಗೂ, ಯಾವ ನೌಕರಿಗೂ ಅದು ಷರತ್ತಾಗಕೂಡದು. ಉತ್ತರಗಳು ವೈದ್ಯರ ಬಳಿ ಗುಟ್ಟಾಗಿರಲಿ. 2017ರ ಮಾನಸಿಕ ಆರೋಗ್ಯ ಕಾಯಿದೆಯು ಗೌಪ್ಯತೆಯನ್ನೂ, ಸರಕಾರದಿಂದ ಚಿಕಿತ್ಸೆ ಪಡೆಯುವುದನ್ನೂ ಹಕ್ಕೆಂದೇ ಹೇಳಿದೆ. ಪ್ರಶ್ನೆಗಳು ನಮ್ಮ ಕಡೆಯ ಆಡುಮಾತಿನಲ್ಲಿರಲಿ. ಓದುಬಾರದವರಿಗೆ ಆಶಾ ಕಾರ್ಯಕರ್ತೆಯು ಓದಿ ಹೇಳಲಿ, ಆ ದುಡಿಮೆಗೆ ಆಕೆಗೆ ತಕ್ಕ ಸಂಬಳ ಸಿಗಲಿ. 2024ರಲ್ಲಿ ರಾಜ್ಯ ಸರಕಾರ ಆರಂಭಿಸಿದ ಗೃಹ ಆರೋಗ್ಯ ಯೋಜನೆಯು ಮೂವತ್ತು ದಾಟಿದವರ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ಮನೆಬಾಗಿಲಲ್ಲಿ ನೋಡುವ ಉದ್ದೇಶದ್ದು. ಇಪ್ಪತ್ತೈದರ ಬೇಕಾರ ತರುಣನನ್ನು ನೋಡುವವರು ಯಾರು? ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆ ಮಾಡಿದರೆ ಮಾತನಾಡಲು ಜನರಿದ್ದಾರೆ. ಆದರೆ ಮಾತಿನ ಮುಂದೆ ಚಿಕಿತ್ಸೆ ಬೇಕಾದವನಿಗೆ ತಾಲೂಕು ದವಾಖಾನೆಯಲ್ಲಿ ನಿಗದಿಯಾದ ದಿನ ವೈದ್ಯರು ಸಿಗಬೇಕು. ಮಲ್ಲಸಮುದ್ರದ ಕಾಲೇಜು ಈ ಹೊಣೆಯ ಮುಂದಾಳುತನ ವಹಿಸಲಿ.

ಎಲ್ಲಕ್ಕೂ ಮಿಗಿಲಾಗಿ, ಕೆಲಸ ಬೇಕು. ಬೇಕಾರಿಯಿಂದ ಹುಟ್ಟಿದ ಸಂಕಟವನ್ನು ಗುಳಿಗೆಯಿಂದಷ್ಟೇ ನೀಗುತ್ತೇವೆನ್ನುವುದು ಜನರ ಕಣ್ಣೊರಸುವ ತಂತ್ರ. ಆದರೆ ಕೆಲಸ ಸಿಗುವವರೆಗೆ ಗುಳಿಗೆ ಬೇಡವೆನ್ನುವುದೂ ಕ್ರೂರತನ. ಎರಡನ್ನೂ ಒಟ್ಟಿಗೆ ಕೇಳೋಣ. 1905ರಲ್ಲಿ ಇದೇ ಗದಗ ತಾಲೂಕಿನ ಕಣಗಿನಹಾಳದ ರೈತರು ಸಾಹುಕಾರನ ಬಾಗಿಲು ಕಾಯದೆ ತಮ್ಮದೇ ಸಹಕಾರ ಸಂಘ ಕಟ್ಟಿದರು. ಆ ನಾಡಿನ ತರುಣರು ಫೋನಿನ ಮುಂದೆ ಒಬ್ಬೊಬ್ಬರೇ ಕುಳಿತು ಅಂಕ ಎಣಿಸಿಕೊಳ್ಳುವುದರಲ್ಲಿ ತೃಪ್ತರಾಗಬಾರದು. ಮುಂದಿನ ಗ್ರಾಮಸಭೆಗೆ ಒಟ್ಟಾಗಿ ಬರಲಿ. ಊರಿನಲ್ಲಿ ಎಷ್ಟು ಜನ ಬೇಕಾರರಿದ್ದಾರೆ, ದವಾಖಾನೆಯಲ್ಲಿ ಯಾವ ದಿನ ಯಾವ ವೈದ್ಯರು ಸಿಗುತ್ತಾರೆ ಎಂದು ಎದ್ದು ನಿಂತು ಕೇಳಲಿ. ಅವರ ಬೆನ್ನಿಗೆ ನಾವಿದ್ದೇವೆ.