ಹೊಳಪಿನ ಗುಟ್ಟು

ಪುಸ್ತಕದ ಕಪಾಟೊಂದನ್ನು ನಾನೇ ಕೈಯಾರೆ ಮಾಡಿದೆನೆಂದರೆ ನನ್ನ ವಿದ್ಯಾರ್ಥಿಗಳು ನಂಬಲಾರರು. ಮರಗೆಲಸವೇನೋ ಹೇಗೋ ಮುಗಿಯಿತು; ಕೆಟ್ಟದ್ದು ಬಣ್ಣದಲ್ಲಿ. ಹೊಳಪೆಂಬುದು ಡಬ್ಬಿಯೊಳಗೇ ಇರುವುದೆಂದು ಬಗೆದು, ಆಷಾಢದ ಜಡಿಮಳೆಯಲ್ಲಿ ಎನಾಮಲ್ ಬಣ್ಣವನ್ನು ಒಂದೇ ಸಲಕ್ಕೆ ದಪ್ಪನಾಗಿ ಬಳಿದೆ. ಮೂರನೆಯ ದಿನ ಮುಟ್ಟಿ ನೋಡಿ, ಒಣಗಿತೆಂದು ತಂದೆಯವರ ಪುಸ್ತಕಗಳನ್ನು ಜೋಡಿಸಿಬಿಟ್ಟೆ. ವಾರ ಕಳೆದು ತೆಗೆಯಹೋದಾಗ ಅವರ ನಿಘಂಟಿನ ರಟ್ಟು ಹಲಗೆಗೆ ಅಂಟಿ ಹರಿದುಬಂದಿತು. ದಪ್ಪ ಲೇಪನದ ಮೇಲ್ಪದರ ಗಾಳಿ ತಾಗಿ ಬೇಗ ಗಟ್ಟಿಯಾಗುತ್ತದೆ. ಒಳಗಿನದು ಹಸಿಯಾಗಿಯೇ ಉಳಿಯುತ್ತದೆ. ನನ್ನಾಕೆ ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಳೆಗಾಲ ಕಳೆದ ಮೇಲೆ ಎಲ್ಲವನ್ನೂ ಕೆರೆದು ಮತ್ತೆ ತೊಡಗಿದೆ. ಮರದ ಗಂಟುಗಳಿಗೆ ಸ್ಪಿರಿಟಿನಲ್ಲಿ ಕರಗಿಸಿದ ಅರಗು, ಸಂದುಗಳಿಗೆ ಪುಟ್ಟಿ. ಬಳಿಕ 120ರ ಉಪ್ಪುಕಾಗದದಿಂದಲೂ ಅನಂತರ 220ರಿಂದಲೂ ಮರದ ಎಳೆಯ ಜಾಡಿನಲ್ಲಿಯೇ ಉಜ್ಜಿ, ಪ್ರೈಮರ್ ಬಳಿದೆ. ಬಣ್ಣ ಮೂರು ಸಲ, ತೆಳುವಾಗಿ; ನಡುನಡುವೆ ಒಂದು ಹಗಲಿರುಳು ಒಣಗಲು ಬಿಟ್ಟು, 320ರಿಂದ ಹಗುರವಾಗಿ ತೀಡಿ, ಧೂಳೊರೆಸಿದೆ. ಕಡೆಯ ಲೇಪನವನ್ನು ಮಾತ್ರ ಮುಟ್ಟಲಿಲ್ಲ. ಉಬ್ಬುತಗ್ಗಿನ ಮೈ ಬೆಳಕನ್ನು ಚದರಿಸುತ್ತದೆ, ನುಣುಪಾದ ಮೈ ಕನ್ನಡಿಯಂತೆ ಹಿಂದಿರುಗಿಸುತ್ತದೆ. ಚನ್ನಪಟ್ಟಣದ ಬುಗುರಿ ಹೊಳೆಯುವುದೂ ತಿರುಗುವ ಮರಕ್ಕೆ ಅರಗನ್ನೊತ್ತಿ ತಾಳೆಗರಿಯಿಂದ ತಿಕ್ಕುವುದರಿಂದಲೇ.

ಈಗ ಕಪಾಟಿನ ಬಾಗಿಲಲ್ಲಿ ಕಿಟಕಿಯ ಸರಳುಗಳು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಆದರೂ ಒಂದು ತಿಂಗಳು ಬರಿದಾಗಿಯೇ ಇರಿಸಿದೆ. ನಿಘಂಟಿಗೆ ಹೊಸ ರಟ್ಟು ಕಟ್ಟಿಸಿದ್ದೇನೆ; ಹಳೆಯ ರಟ್ಟಿನ ಮೇಲಿದ್ದ ತಂದೆಯವರ ಸಹಿಯಲ್ಲಿ ಅರ್ಧ ಮಾತ್ರ ಉಳಿದಿದೆ.